ನಕ್ಷೆಯ ಪ್ರಕಾರ ನಾವು ತಲುಪಿಯಾಗಿದೆ

ಗಂಡ ಹೆಂಡತಿ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಈ ಗಾದೆ ಕಟ್ಟಿದವರ ಮನೆಯಲ್ಲಿ ಮ್ಯಾಪ್ ಇದ್ದಿರಲಿಕ್ಕಿಲ್ಲ. ನಕ್ಷೆ ಬಿಡಿಸಿದಾಗ ಶುರುವಾದ ಜಗಳ ಊರು ತಲುಪಿ, ಉಂಡು, ಮಲಗಿ ಎದ್ದ ಮೇಲೂ ಜೀವಂತವಾಗಿರುತ್ತದೆ. "ನಿನ್ನೆ ಎಡಕ್ಕೇ ತಿರುಗಬೇಕಿತ್ತು ರೀ" ಅನ್ನುವ ಮಾತಿನಿಂದಲೇ ನಮಗೆ ಬೆಳಗಾಗುತ್ತದೆ.

ಪಾಪ, ಇದರಲ್ಲಿ ಇಬ್ಬರದ್ದೂ ತಪ್ಪಿಲ್ಲ. ನಕ್ಷೆಗಳಲ್ಲಿ ಹತ್ತಾರು ಜಾತಿ. ಒಂದೊಂದಕ್ಕೂ ಒಂದೊಂದೇ ಪ್ರಶ್ನೆಗೆ ಉತ್ತರ ಗೊತ್ತು. ನಮ್ಮ ಜನ ಕೈಗೆ ಸಿಕ್ಕಿದ ನಕ್ಷೆಯ ಮುಂದೆ ಕೂತು ಬೇರೆಯದೇ ಪ್ರಶ್ನೆ ಕೇಳುತ್ತಾರೆ. ಅದು ತನಗೆ ಗೊತ್ತಿದ್ದನ್ನೇ ಹೇಳುತ್ತದೆ. ಇವರು ಅದನ್ನೇ ನಂಬಿ ಹೊರಡುತ್ತಾರೆ.

ನನ್ನ ಗೆಳೆಯನನ್ನೇ ನೋಡಿ. ಕಂಪ್ಯೂಟರ್ ನೋಡಿ ನೋಡಿ ಕಣ್ಣು ಬತ್ತಿಹೋಗಿದೆ, ರಜೆಯಲ್ಲಿ ಎಲ್ಲಾದರೂ ಹಸಿರು ನೋಡಬೇಕು ಅಂತ ಹೊರಟ. ಆಫೀಸಿನ ಗೋಡೆಯಲ್ಲಿ ದೊಡ್ಡದೊಂದು ಪ್ರಾಕೃತಿಕ ನಕ್ಷೆ ಇತ್ತು. ಕಡು ಹಸಿರು ಎಲ್ಲಿದೆ ಅಂತ ಹುಡುಕಿ ಅಲ್ಲಿಗೇ ಬೆರಳಿಟ್ಟ. ಟಿಕೆಟ್ ಆಯಿತು, ರೂಮೂ ಆಯಿತು. ಇಳಿದ ಮೇಲೆ ಅಲ್ಲಿಂದಲೇ ಫೋನ್ ಮಾಡಿದ. "ಏನಯ್ಯಾ ಇದು, ಇಲ್ಲಿ ಒಂದು ಕತ್ತೆ ಮೇಯೋಕೂ ಹುಲ್ಲಿಲ್ಲ!"

ಪ್ರಾಕೃತಿಕ ನಕ್ಷೆಯ ಹಸಿರಿಗೂ ಹುಲ್ಲಿಗೂ ಸಂಬಂಧವೇ ಇಲ್ಲ. ಅಲ್ಲಿ ಬಣ್ಣ ಹೇಳುವುದು ನೆಲದ ಎತ್ತರವನ್ನು. ತಗ್ಗು ಪ್ರದೇಶಕ್ಕೆ ಹಸಿರು, ಮೇಲೇರಿದಂತೆ ಹಳದಿ, ಇನ್ನೂ ಮೇಲೆ ಕಂದು. ಈಜಿಪ್ಟಿನ ಕತ್ತಾರಾ ತಗ್ಗು ಸಮುದ್ರ ಮಟ್ಟಕ್ಕಿಂತ 133 ಮೀಟರ್ ಕೆಳಗಿದೆ. ಇರುವುದೆಲ್ಲ ಮರಳು ಮತ್ತು ಉಪ್ಪು. ಆದರೆ ಎಷ್ಟೋ ಅಟ್ಲಾಸ್‌ಗಳಲ್ಲಿ ಅದಕ್ಕೇ ಎಲ್ಲಕ್ಕಿಂತ ಗಾಢ ಹಸಿರು. ಅಮೆರಿಕದ ಡೆತ್ ವ್ಯಾಲಿಯೂ ಹಾಗೇ. ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗೆ. 1913ರಲ್ಲಿ ಅಲ್ಲಿ 56.7 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾಗಿದೆ. ನಕ್ಷೆಯಲ್ಲಿ ನೋಡಿದರೆ ಹೋಗಿ ಚಾಪೆ ಹಾಸಿ ಮಲಗೋಣ ಅನ್ನಿಸುತ್ತದೆ.

ಬಣ್ಣದ ವಿಷಯದಲ್ಲಿ ನಮ್ಮ ಅತ್ತೆಯದು ಇನ್ನೊಂದು ಕತೆ. ಎಲ್ಲರೂ ಹೊರಡುವ ಹಿಂದಿನ ದಿನ ಅವರ ಕಣ್ಣಿಗೆ ಒಂದು ಮಳೆ ನಕ್ಷೆ ಬಿತ್ತು. ನಾವು ಹೋಗಬೇಕಾದ ಜಾಗವೆಲ್ಲ ಕೆಂಪು ಕೆಂಪು. "ಕೆಂಪು ಅಂದ್ರೆ ಅಪಾಯ. ಯಾರೂ ಹೊರಡಬಾರದು" ಅಂತ ತೀರ್ಪು ಬಂತು. ಬ್ಯಾಗುಗಳು ಅಟ್ಟ ಸೇರಿದವು. ಆಮೇಲೆ ಮೊಮ್ಮಗಳು ನಕ್ಷೆಯ ಮೂಲೆಯಲ್ಲಿದ್ದ ಸೂಚಿಯನ್ನು ಓದಿದಳು. ಆ ನಕ್ಷೆಯಲ್ಲಿ ಕೆಂಪು ಅಂದರೆ ಮಳೆ ತೀರಾ ಕಡಿಮೆ ಅಂತ. ಸೂಚಿಯ ಪೆಟ್ಟಿಗೆಯನ್ನು ಯಾವಾಗಲೂ ಮೂಲೆಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಯಾಕೆ ಹಾಕುತ್ತಾರೋ, ಕನ್ನಡಕದ ಅಂಗಡಿಯವರನ್ನೇ ಕೇಳಬೇಕು.

ಬಣ್ಣದಿಂದ ಲೆಕ್ಕ ತೋರಿಸುವ ಅಭ್ಯಾಸ ಹಳೆಯದು. ಫ್ರಾನ್ಸ್‌ನಲ್ಲಿ ಎಲ್ಲಿ ಓದು ಕಡಿಮೆ ಅಂತ ತೋರಿಸಲು ಷಾರ್ಲ್ ದ್ಯುಪ್ಯಾಂ 1826ರಲ್ಲೇ ಜಿಲ್ಲೆ ಜಿಲ್ಲೆಗೂ ಬೇರೆ ಬೇರೆ ಛಾಯೆ ಬಳಿದಿದ್ದ. ಕಪ್ಪಾದಷ್ಟೂ ಓದು ಕಡಿಮೆ. ಈ ಜಾತಿಯ ನಕ್ಷೆಯನ್ನು ಈಗ ನಾವು ಜಾಸ್ತಿ ನೋಡುವುದು ಚುನಾವಣೆ ರಾತ್ರಿ ಟಿವಿಯಲ್ಲಿ. ಜನವೇ ಇಲ್ಲದ ದೊಡ್ಡ ಬಯಲು ಒಂದೇ ಬಣ್ಣದಲ್ಲಿ ಮಿಂಚುತ್ತಿರುತ್ತದೆ. ಲಕ್ಷಾಂತರ ಜನ ಕಿಕ್ಕಿರಿದ ನಗರ ಒಂದು ಚುಕ್ಕಿಯಾಗಿ ಕೂತಿರುತ್ತದೆ. ಬಯಲಿನ ಪಕ್ಷ ಭಾರೀ ಗೆದ್ದಿತು ಅಂತ ಪಟಾಕಿ ಹಚ್ಚಿದವರನ್ನು ನಾನು ನೋಡಿದ್ದೇನೆ. ಓಟು ಹಾಕುವುದು ಎಕರೆಯಲ್ಲ, ಅಲ್ವಾ?

ಇನ್ನು ಮೆಟ್ರೊ ನಕ್ಷೆ. ನಮ್ಮ ಮನೆಯ ಶಾಂತಿ ಕೆಡಿಸಿದವುಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಪರವೂರಲ್ಲಿ ಒಮ್ಮೆ ನನ್ನವಳು ಮೆಟ್ರೊ ನಕ್ಷೆ ನೋಡಿ ಹೇಳಿದಳು, "ಈ ಸ್ಟೇಷನ್ನಿಂದ ಆ ಸ್ಟೇಷನ್ನಿಗೆ ಒಂದು ಬೆರಳು ದೂರ. ಸುಮ್ನೆ ದುಡ್ಡು ಯಾಕೆ, ನಡೆದೇ ಹೋಗೋಣ ರೀ." ನಡೆದೆವು. ಊರು ಮುಗಿಯಿತು, ಫ್ಲೈಓವರ್ ಬಂತು, ಅದೂ ಮುಗಿಯಿತು. ಆ ಬೆರಳು ಮಾತ್ರ ಮುಗಿಯಲಿಲ್ಲ. ಮರುದಿನ ಪಾಠ ಕಲಿತವರಂತೆ ರೈಲೇ ಹತ್ತಿದೆವು. ಮಧ್ಯೆ ಇಳಿದು ಇನ್ನೊಂದು ಹತ್ತಿ, ಸುರಂಗದಿಂದ ಮೇಲೆ ಬಂದು ನೋಡಿದರೆ ರಸ್ತೆಯ ಆಚೆ ಬದಿಗೆ ನಾವು ಉಳಿದುಕೊಂಡ ಹೋಟೆಲು!

ಇದೆಲ್ಲದರ ಮೂಲಪುರುಷ ಹ್ಯಾರಿ ಬೆಕ್. ಲಂಡನ್ನಿನ ಸುರಂಗ ರೈಲಿನಲ್ಲಿ ತಾಂತ್ರಿಕ ಚಿತ್ರ ಎಳೆಯುವ ಡ್ರಾಫ್ಟ್ಸ್‌ಮನ್ ಆಗಿದ್ದವನು. 1931ರಲ್ಲಿ ಅವನಿಗೆ ಒಂದು ಸತ್ಯ ಹೊಳೆಯಿತು. ನೆಲದ ಕೆಳಗಿರುವವನಿಗೆ ಮೇಲೆ ಏನಿದ್ದರೇನು? ಯಾವ ಸ್ಟೇಷನ್ ಆದ ಮೇಲೆ ಯಾವುದು, ಎಲ್ಲಿ ರೈಲು ಬದಲಾಯಿಸಬೇಕು, ಇಷ್ಟು ಸಾಕು. ಎಲ್ಲ ಮಾರ್ಗಗಳನ್ನೂ ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ ಗೆರೆಗಳಾಗಿ ಎಳೆದ. ಕಿಕ್ಕಿರಿದ ನಗರದ ನಡುಭಾಗವನ್ನು ಹಿಗ್ಗಿಸಿದ, ದೂರದ ಹೊರವಲಯವನ್ನು ಕುಗ್ಗಿಸಿದ. ಮೇಲಿನವರು ಮೊದಲು ಇದು ಅತಿಯಾಯಿತು ಅಂತ ತಿರಸ್ಕರಿಸಿದರು. 1933ರಲ್ಲಿ ಅಚ್ಚಾಗಿ ಜನರ ಕೈಗೆ ಬಂದಾಗ ಜನ ಅದನ್ನು ಬಿಡಲೇ ಇಲ್ಲ. ಈಗ ಜಗತ್ತಿನ ಬಹುತೇಕ ಮೆಟ್ರೊಗಳಲ್ಲಿ ಅವನದೇ ದಾರಿ. ಅದರಲ್ಲಿ ದೂರ ಅನ್ನುವುದೇ ಇಲ್ಲ, ಕ್ರಮ ಮಾತ್ರ ಇದೆ. ಲಂಡನ್ನಿನಲ್ಲೇ ಲೆಸ್ಟರ್ ಸ್ಕ್ವೇರ್ ಮತ್ತು ಕವೆಂಟ್ ಗಾರ್ಡನ್ ಸ್ಟೇಷನ್ನುಗಳ ನಡುವೆ ಇರುವುದು ಸುಮಾರು 260 ಮೀಟರ್. ಪ್ರವಾಸಿಗರು ಶ್ರದ್ಧೆಯಿಂದ ಟಿಕೆಟ್ ತೆಗೆದುಕೊಂಡು, ಕೆಳಗಿಳಿದು, ರೈಲಿಗೆ ಕಾದು, ಮತ್ತೆ ಮೇಲೆ ಬರುತ್ತಾರೆ.

ಬೆಕ್ ನೆಲದ ಮೇಲಿನದ್ದನ್ನೆಲ್ಲ ಅಳಿಸಿದರೂ ಥೇಮ್ಸ್ ನದಿಯನ್ನು ಮಾತ್ರ ಉಳಿಸಿಕೊಂಡಿದ್ದ. 2009ರಲ್ಲಿ ಯಾರೋ ಶಿಸ್ತಿನ ಮನುಷ್ಯರು ಅದನ್ನೂ ತೆಗೆದರು. ತರ್ಕ ಸರಿಯೇ, ರೈಲು ಹತ್ತುವವನಿಗೆ ನದಿ ಯಾಕೆ? ಆದರೆ ಎಲ್ಲೆಡೆ ಗಲಾಟೆ ಎದ್ದು, ಕೆಲವೇ ತಿಂಗಳಲ್ಲಿ ನದಿ ವಾಪಸ್ ಹರಿಯಿತು. ನನಗೆ ಈ ಗಲಾಟೆ ಮಾಡಿದವರ ಮೇಲೆ ತುಂಬಾ ಗೌರವ.

ನಮ್ಮ ಭಾವನವರಿಗೆ ಇಂಥ ಅಂಗೈ ನಕ್ಷೆಗಳೆಂದರೆ ತಾತ್ಸಾರ. ಅವರದ್ದು ಕಂಟೂರ್ ಪಂಥ. ಕಂದು ಗೆರೆಗಳು ಸುರುಳಿ ಸುರುಳಿಯಾಗಿ ಹರಡಿರುವ ಆ ಹಾಳೆಯನ್ನು ಎದೆಗೊತ್ತಿಕೊಂಡೇ ಬೆಟ್ಟ ಹತ್ತುತ್ತಾರೆ. ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆಯೇ ಕಂಟೂರ್. ಗೆರೆಗಳು ದೂರ ದೂರ ಇದ್ದರೆ ಇಳಿಜಾರು ಸೌಮ್ಯ, ಒತ್ತೊತ್ತಾಗಿದ್ದರೆ ಕಡಿದು. ಎತ್ತರದ ಕಡೆಗೆ ಮೂತಿ ಮಾಡಿದ 'ವಿ' ಆಕಾರ ಕಂಡರೆ ಅದು ಕಣಿವೆ, ನೀರು ಇಳಿಯುವ ಜಾಗ. ತಗ್ಗಿನ ಕಡೆಗೆ ಮೂತಿ ಮಾಡಿದ್ದರೆ ಅದು ಬೆಟ್ಟದ ದಿಣ್ಣೆ. ಭಾವನವರು ಇದನ್ನು ನಮಗೆಲ್ಲ ಎಷ್ಟೋ ಸಲ ಹೇಳಿಕೊಟ್ಟಿದ್ದಾರೆ. ಹೇಳಿಕೊಡುತ್ತಲೇ ನಮ್ಮನ್ನು ಒಂದು ಕಣಿವೆಯೊಳಗೆ ಇಳಿಸಿಬಿಟ್ಟರು.

"ಇದು ದಿಣ್ಣೆ. ಇನ್ನೇನು ತಂಗಾಳಿ ಬೀಸುತ್ತೆ ನೋಡಿ" ಅನ್ನುತ್ತಿದ್ದರು. ಮೊಣಕಾಲಿನವರೆಗೆ ನೀರು.

"ಭಾವಾ, ತಂಗಾಳಿ ಒದ್ದೆಯಾಗಿದೆಯಲ್ಲ?"

"ಮಳೆಗಾಲ ಕಣಪ್ಪಾ" ಅಂದರು, ನಕ್ಷೆಯಿಂದ ತಲೆ ಎತ್ತದೆ.

ಕಂಟೂರ್ ನಕ್ಷೆಯಲ್ಲಿ ಇನ್ನೊಂದು ಮರ್ಮವಿದೆ. ಗೆರೆಯಿಂದ ಗೆರೆಗೆ 20 ಮೀಟರ್ ಅಂತರ ಅಂದುಕೊಳ್ಳಿ. ನಡುವೆ 15 ಮೀಟರ್ ಎತ್ತರದ ಬಂಡೆ ಇದ್ದರೂ ಅದು ಒಂದೂ ಗೆರೆ ಮುಟ್ಟದೆ ಅಡಗಿ ಕೂರಬಹುದು. ನಕ್ಷೆಗೆ ಅದು ಇಲ್ಲ. ನಮಗೆ ಇದೆ, ಮೂಗಿನ ಮುಂದೆಯೇ. ದೂರವೂ ಹಾಗೆ. ನಕ್ಷೆ ಅಳೆಯುವುದು ಮಟ್ಟಸ ನೆಲದ ದೂರ. 45 ಡಿಗ್ರಿ ಏರಿನಲ್ಲಿ ನಕ್ಷೆಯ 1 ಕಿಲೋಮೀಟರ್ ಅಂದರೆ ಕಾಲಿಗೆ 1.4 ಕಿಲೋಮೀಟರ್.

ಈ ಗೆರೆಗಳ ಹಿಂದೆ ಒಂದು ಸೊಗಸಾದ ಕತೆಯೂ ಇದೆ. 1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದಲ್ಲಿ ಭೂಮಿಯ ತೂಕ ಕಂಡುಹಿಡಿಯುವ ಪ್ರಯೋಗ ನಡೆಯಿತು. ಬೆಟ್ಟ ತೂಗುಗುಂಡನ್ನು ಎಷ್ಟು ತನ್ನತ್ತ ಎಳೆಯುತ್ತದೆ ಅಂತ ಅಳೆದರು. ಆದರೆ ಲೆಕ್ಕ ಹಾಕಲು ಮೊದಲು ಬೆಟ್ಟದ ಆಕಾರ ತಿಳಿಯಬೇಕಲ್ಲ. ಚಾರ್ಲ್ಸ್ ಹಟನ್ ಎಂಬ ಗಣಿತಜ್ಞನ ಮುಂದೆ ಎತ್ತರದ ಅಂಕಿಗಳ ರಾಶಿ ಬಿತ್ತು. ಅವನು ಒಂದೇ ಎತ್ತರದ ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದ. ಬೆಟ್ಟ ಕಾಗದದ ಮೇಲೆ ಎದ್ದು ನಿಂತಿತು. ಹೀಗೆ ಭೂಮಿಯ ತೂಕ ಹೇಳಿದ ಗೆರೆಗಳು ಆ ದಿನ ನನಗೆ ಭಾವನವರ ಬ್ಯಾಗಿನ ತೂಕವನ್ನೂ ಚೆನ್ನಾಗಿ ತಿಳಿಸಿದವು. ಅವರ ಎರಡು ಕೈಗೂ ನಕ್ಷೆಯೇ ಬೇಕಿತ್ತು, ಬ್ಯಾಗು ನನ್ನ ಹೆಗಲಿಗೆ ಬಂದಿತ್ತು.

ಪ್ರಮಾಣದ ಗೊಂದಲ, ಅಂದರೆ ನೆಲವನ್ನು ಎಷ್ಟು ಕುಗ್ಗಿಸಿ ಎಳೆದಿದ್ದಾರೆ ಅನ್ನುವ ಲೆಕ್ಕದ ಗೊಂದಲ, ನಮ್ಮ ಅಣ್ಣನಿಗೆ ಸೇರಿದ್ದು. ಇಡೀ ದೇಶ ಸುತ್ತಲು ಹೊರಟವನು ಅಂಗಡಿಯಲ್ಲಿ ಗತ್ತಿನಿಂದ "ದೊಡ್ಡ ಪ್ರಮಾಣದ ನಕ್ಷೆ ಕೊಡಿ" ಅಂದ. ಅವರು ಕೊಟ್ಟದ್ದು ನಾಲ್ಕು ಬೀದಿಗಳ ನಕ್ಷೆ. ಅವರು ಮಾಡಿದ್ದು ಸರಿಯೇ. 10,000ದಲ್ಲಿ ಒಂದು ಭಾಗ ಅನ್ನುವುದು 10 ಲಕ್ಷದಲ್ಲಿ ಒಂದು ಭಾಗಕ್ಕಿಂತ ದೊಡ್ಡದು. ಹಾಗಾಗಿ ಪ್ರಮಾಣ ದೊಡ್ಡದಾದಷ್ಟೂ ಹಾಳೆಯಲ್ಲಿ ಹಿಡಿಸುವ ಜಾಗ ಸಣ್ಣದು. ವಾಪಸ್ ಹೋಗಿ 10 ಲಕ್ಷಕ್ಕೆ ಒಂದರ ನಕ್ಷೆ ತಂದ. ಅದರಲ್ಲಿ 1 ಮಿಲಿಮೀಟರ್ ಅಂದರೆ 1 ಕಿಲೋಮೀಟರ್. ರಸ್ತೆಯ ಗೆರೆಯನ್ನು 1 ಮಿಲಿಮೀಟರ್ ದಪ್ಪ ಎಳೆದರೆ, ಲೆಕ್ಕದ ಪ್ರಕಾರ ಆ ರಸ್ತೆಯ ಅಗಲ 1 ಕಿಲೋಮೀಟರ್! ಕಣಿವೆಯಲ್ಲಿ ನದಿ, ರಸ್ತೆ, ರೈಲು ಅಂಟಿಕೊಂಡು ಸಾಗುತ್ತಿದ್ದರೆ ನಕ್ಷೆ ಮಾಡುವವರು ಮೂರೂ ಕಾಣಲಿ ಅಂತ ಬೇಕೆಂದೇ ಸರಿಸಿ ಸರಿಸಿ ಎಳೆಯುತ್ತಾರೆ. ಅದು ಅವರ ವೃತ್ತಿಯ ನಿಯಮ. "ಮ್ಯಾಪ್ ಪ್ರಕಾರ ನದಿಗೆ ಇನ್ನೂ ಎರಡು ಕಿಲೋಮೀಟರ್ ಇದೆ" ಅಂತ ಅಣ್ಣ ಹೇಳುವ ಹೊತ್ತಿಗೆ ಕಾರಿನ ಮುಂದಿನ ಚಕ್ರ ನೀರಲ್ಲಿತ್ತು.

ಆ ನಕ್ಷೆಯನ್ನು ಮತ್ತೆ ಮಡಿಸುವ ಪ್ರಯತ್ನದ ಬಗ್ಗೆ ಹೇಳುವುದಿಲ್ಲ. ಕೊರ್ಯೊ ಮಿಯುರಾ ಎಂಬ ಜಪಾನಿ ವಿಜ್ಞಾನಿ ಎದುರುಬದುರು ಮೂಲೆ ಹಿಡಿದೆಳೆದರೆ ಪೂರ್ತಿ ಬಿಚ್ಚಿ, ದೂಡಿದರೆ ತಾನೇ ಮಡಚಿಕೊಳ್ಳುವ ಮಡಿಕೆ ಕಂಡುಹಿಡಿದಿದ್ದಾರೆ. 1995ರಲ್ಲಿ ಅದೇ ಮಡಿಕೆಯ ಸೌರಫಲಕ ಬಾಹ್ಯಾಕಾಶಕ್ಕೂ ಹೋಯಿತು. ನಮ್ಮ ಕಾರಿನ ಡ್ಯಾಶ್‌ಬೋರ್ಡಿಗೆ ಮಾತ್ರ ಇನ್ನೂ ಬಂದಿಲ್ಲ.

ವಿಮಾನದಲ್ಲಿ ಸೀಟಿನ ಮುಂದೆ ಒಂದು ನಕ್ಷೆ ಇರುತ್ತದಲ್ಲ, ಅದನ್ನು ನೋಡಿ ಪಕ್ಕದ ಸೀಟಿನ ಹಿರಿಯರೊಬ್ಬರು ಚಡಪಡಿಸುತ್ತಿದ್ದರು. ಟೋಕಿಯೋದಿಂದ ನ್ಯೂಯಾರ್ಕಿಗೆ ನೇರ ಪೂರ್ವಕ್ಕೆ ಹೋಗುವ ಬದಲು ವಿಮಾನ ಅಲಾಸ್ಕದ ಕಡೆ ಕಮಾನಿನ ಹಾಗೆ ಬಾಗಿ ಹೋಗುತ್ತಿತ್ತು. "ಇವನು ಸುತ್ತಿ ಬಳಸಿ ಹೋಗ್ತಿದ್ದಾನೆ. ಟ್ಯಾಕ್ಸಿಯಾದ್ರೆ ಮೀಟರಿಗೆ ಅನ್ನಬಹುದು. ಇವನಿಗೇನು ಲಾಭ ಸ್ವಾಮಿ?" ಅಂತ ನನ್ನನ್ನೇ ಕೇಳಿದರು. ನಿಜಕ್ಕೂ ಆ ಬಾಗಿದ ದಾರಿಯೇ ಹತ್ತಿರದ್ದು. ಬಾಗಿರುವುದು ನಕ್ಷೆ. ದುಂಡಗಿನ ಭೂಮಿಯನ್ನು ಎಳೆದಾಡದೆ ಹಾಳೆ ಮೇಲೆ ಹರಡಲು ಸಾಧ್ಯವೇ ಇಲ್ಲ ಅಂತ ಗಣಿತಜ್ಞ ಗಾಸ್ 1827ರಲ್ಲೇ ಗಣಿತದಿಂದ ತೋರಿಸಿ ಕೈತೊಳೆದುಕೊಂಡ. ಅದಕ್ಕೂ ಬಹಳ ಮೊದಲು, 1569ರಲ್ಲಿ, ನಕ್ಷೆಕಾರ ಮರ್ಕೇಟರ್ ನಾವಿಕರಿಗಾಗಿ ಒಂದು ರಾಜಿ ಮಾಡಿಕೊಂಡಿದ್ದ. ದಿಕ್ಸೂಚಿಯ ಒಂದೇ ಕೋನ ಹಿಡಿದು ಹೋದರೆ ಅದು ನಕ್ಷೆಯಲ್ಲಿ ನೇರ ಗೆರೆಯಾಗಬೇಕು. ಕೋನ ಉಳಿಯಿತು, ಗಾತ್ರ ಕೆಟ್ಟಿತು. ಆಫ್ರಿಕ ಸುಮಾರು 3 ಕೋಟಿ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡ್ ಸುಮಾರು 21.6 ಲಕ್ಷ. ಹೆಚ್ಚುಕಡಿಮೆ 14 ಪಟ್ಟು ವ್ಯತ್ಯಾಸ. ಮರ್ಕೇಟರ್ ನಕ್ಷೆಯಲ್ಲಿ ಎರಡೂ ಅವಳಿ ಮಕ್ಕಳು. ಇಷ್ಟನ್ನೂ ಹಿರಿಯರಿಗೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಹಾಗಾದ್ರೂ ಅವನು ನೇರ ಹೋಗಬಹುದಿತ್ತು" ಅಂದು ಕಂಬಳಿ ಹೊದ್ದುಕೊಂಡರು.

ನಕ್ಷೆಯಲ್ಲಿರುವ ಜಾಗ ನೆಲದ ಮೇಲೂ ಇರಬೇಕು ಅಂತೇನಿಲ್ಲ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ಬಳಿ ಸ್ಯಾಂಡಿ ಐಲೆಂಡ್ ಅಂತ ಒಂದು ದ್ವೀಪವನ್ನು ನಕ್ಷೆಗಳು ತಲೆಮಾರುಗಳಿಂದ ತೋರಿಸುತ್ತಿದ್ದವು. 2012ರಲ್ಲಿ ಆಸ್ಟ್ರೇಲಿಯದ ಸಂಶೋಧನಾ ಹಡಗು ಹೋಗಿ ನೋಡಿದರೆ ಅಲ್ಲಿ 1,300 ಮೀಟರಿಗೂ ಹೆಚ್ಚು ಆಳದ ಸಮುದ್ರ. ಇದಕ್ಕೆ ತದ್ವಿರುದ್ಧ ನ್ಯೂಯಾರ್ಕ್ ರಾಜ್ಯದ ಆಗ್ಲೋ. ತಮ್ಮ ನಕ್ಷೆ ಕದ್ದವರನ್ನು ಹಿಡಿಯಲು 1930ರ ದಶಕದಲ್ಲಿ ಒಂದು ಕಂಪನಿ ಹಾಕಿದ ಸುಳ್ಳು ಊರು. ಮುಂದೆ ಇನ್ನೊಬ್ಬರ ನಕ್ಷೆಯಲ್ಲಿ ಆ ಹೆಸರು ಕಂಡು ಕಳ್ಳ ಸಿಕ್ಕ ಅಂದುಕೊಂಡರೆ, ಅಲ್ಲಿ ನಿಜಕ್ಕೂ ಆಗ್ಲೋ ಹೆಸರಿನ ಅಂಗಡಿ ಇತ್ತು. ಅಂಗಡಿಯವನು ಹೆಸರನ್ನು ನಕ್ಷೆ ನೋಡಿಯೇ ಇಟ್ಟಿದ್ದ!

ಈಗಂತೂ ಜಗಳಕ್ಕೆ ಕಾಗದವೂ ಬೇಡ. ಫೋನೇ ಮಾತಾಡುತ್ತದೆ. ಗೆಳೆಯನ ಹೊಸ ಮನೆಗೆ ಹೊರಟಿದ್ದೆವು. "ನೀವು ತಲುಪಿದ್ದೀರಿ" ಅಂದಿತು ಫೋನು. ನಮ್ಮ ಮುಂದೆ ಎತ್ತರದ ಗೋಡೆ, ಗೋಡೆಯ ಆಚೆ ಮಹಡಿ ಮೇಲೆ ಗೆಳೆಯ ಮತ್ತು ಅವನ ಅಪ್ಪ. ಮ್ಯಾಪಿನ ಗುರುತು ಮನೆಯ ನಟ್ಟನಡುವೆ ಬೀಳುತ್ತದೆ. ಅಲ್ಲಿಗೆ ಹತ್ತಿರ ಯಾವ ರಸ್ತೆಯೋ ಅಲ್ಲಿಗೆ ಫೋನು ಕರೆತರುತ್ತದೆ. ಗೇಟು ಇರುವುದು ಇನ್ನೊಂದು ರಸ್ತೆಯಲ್ಲಿ ಅನ್ನುವುದು ಅದಕ್ಕೆ ಯಾರು ಹೇಳಬೇಕು?

ಗೆಳೆಯನ ಅಪ್ಪ ಒಂದು ಕಾಗದದಲ್ಲಿ ಏನೋ ಗೀಚಿ, ಕಲ್ಲಿಗೆ ಸುತ್ತಿ, ಗೋಡೆಯಾಚೆಯಿಂದ ನಮ್ಮತ್ತ ಎಸೆದರು. ಬಿಡಿಸಿ ನೋಡಿದೆವು. ಉತ್ತರ ದಿಕ್ಕಿಲ್ಲ, ಪ್ರಮಾಣವಿಲ್ಲ. ಒಂದು ಗೆರೆ, ಎರಡು ತಿರುವು, ಎರಡನೆಯ ತಿರುವಿನಲ್ಲಿ ಒಂದು ನಾಯಿ. "ನಾಯಿ ಮಲಗಿರೋ ಕಡೆ ಬಲಕ್ಕೆ" ಅಂತ ಪಕ್ಕದಲ್ಲಿ ಬರೆದಿದ್ದರು. ನನ್ನವಳಿಗೂ ನನಗೂ ಒಂದೇ ಅಭಿಪ್ರಾಯ ಬಂದ ಮೊದಲ ನಕ್ಷೆ ಅದು. ಬೇಕಾದ್ದು ಇದೆ, ಬೇಡದ್ದು ಒಂದೂ ಇಲ್ಲ. ಬೆಕ್ ನೋಡಿದ್ದರೂ ತಲೆದೂಗುತ್ತಿದ್ದ.

ಎರಡನೆಯ ತಿರುವು ಹುಡುಕುತ್ತಾ ಆ ಬಡಾವಣೆಯನ್ನು ಪೂರ್ತಿ ಸುತ್ತಿದೆವು. ನಾಯಿಯನ್ನು ಆ ಹೊತ್ತಿಗೆ ವಾಕಿಂಗ್ ಕರೆದುಕೊಂಡು ಹೋಗಿದ್ದರು.