ಎಂಜಿನ್ ಎತ್ತೋಕೆ ಮುಂಚೆ ಮೇಲೆ ನೋಡಿ

ಬೋಟ್ ಎಂಜಿನ್ ಬಗ್ಗೆ ನೀವು ಬರೆದದ್ದನ್ನು ಓದಿದೆ. ಎಂಜಿನ್ನಿನ ಹಿಂಬದಿ ಫ್ಲೈವೀಲ್ ಕಡೆ ಆಯಿಲ್ ತೊಟ್ಟಿಕ್ಕಿದರೆ ರಿಯರ್ ಮೇನ್ ಸೀಲ್ (ಕ್ರ್ಯಾಂಕ್‌ಶಾಫ್ಟ್‌ನ ಹಿಂತುದಿಯಲ್ಲಿ ಆಯಿಲ್ ತಡೆಯುವ ಸೀಲ್) ಹೋಗಿದೆ ಅಂತಲೇ ಅರ್ಥ ಎಂದು ಬರೆದಿದ್ದೀರಿ. ನಾನು ಒಪ್ಪಲ್ಲ. ಮರ್ಕ್ರೂಸರ್ 502ರಂಥ ಬಿಗ್ ಬ್ಲಾಕ್‌ನಲ್ಲಿ (ದೊಡ್ಡ V8 ಬೋಟ್ ಎಂಜಿನ್) ಮೇಲಿರುವ ಇಂಟೇಕ್ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ) ಹಿಂಬದಿ ಸೀಲೋ ವಾಲ್ವ್ ಕವರ್ ಗ್ಯಾಸ್ಕೆಟ್ಟೋ ಸೋರಿದರೂ ಆಯಿಲ್ ಬ್ಲಾಕಿನ ಹಿಂದಿನಿಂದ ಇಳಿದು ಅಲ್ಲೇ ತೊಟ್ಟಿಕ್ಕುತ್ತದೆ. ಸ್ಟರ್ನ್‌ಡ್ರೈವ್ ಬೋಟಿನಲ್ಲಿ (ಎಂಜಿನ್ ಒಳಗೆ, ಪ್ರೊಪೆಲ್ಲರ್ ಘಟಕ ಹಿಂಬದಿ ಹೊರಗೆ) ರಿಯರ್ ಸೀಲ್ ಬದಲಿಸಬೇಕಾದರೆ ಇಡೀ ಎಂಜಿನ್ ಎತ್ತಬೇಕು, ಖರ್ಚು ಜಾಸ್ತಿ. ಮೊದಲು ಎಂಜಿನ್ ಚೆನ್ನಾಗಿ ಒರೆಸಿ, ಆಯಿಲ್‌ಗೆ ಯುವಿ ಡೈ (ಯುವಿ ಬೆಳಕಿನಲ್ಲಿ ಹೊಳೆಯುವ ಬಣ್ಣ) ಹಾಕಿ, ಸ್ವಲ್ಪ ಹೊತ್ತು ಓಡಿಸಿ ಯುವಿ ಟಾರ್ಚ್ ಬಿಡಿ. ಸೋರಿಕೆ ಶುರುವಾದ ಜಾಗ ಹೊಳೆಯುತ್ತದೆ.

ಇನ್ನು, ಬೋಟಿಗೆ ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್ ಹಾಕಿದರೂ ನಡೆಯುತ್ತದೆ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ನಿಲ್ಲುತ್ತದೆ. ಸ್ಟಾರ್ಟರ್, ಆಲ್ಟರ್ನೇಟರ್ ಒಳಗಿನ ಕಿಡಿ ಆ ಆವಿಗೆ ತಾಗದಂತೆ ಮಾಡಿರುವುದು ಬೋಟಿಗೆಂದೇ ಮಾಡಿದ ಮರೀನ್ ಪಾರ್ಟ್‌ನಲ್ಲಿ ಮಾತ್ರ. ಅದಕ್ಕೇ ಅಲ್ವಾ ಬೆಲೆ ಜಾಸ್ತಿ?