ಶೇಕಡಾ ನೂರು ಯಾರಿಗೆ ಸಾಕು?

ಪರೀಕ್ಷೆಯಲ್ಲಿ ನೂರಕ್ಕೆ ನೂರಕ್ಕಿಂತ ಹೆಚ್ಚು ಅಂಕ ಗಳಿಸಲು ಎಂಥ ಜಾಣ ಮಕ್ಕಳಿಗೂ ಸಾಧ್ಯವಾಗಿಲ್ಲ. ಜೀವಸತ್ವದ ಮಾತ್ರೆಗಳಿಗೆ ಮಾತ್ರ ಅದು ನೀರು ಕುಡಿದಷ್ಟು ಸಲೀಸು. ವಯಸ್ಕರಿಗೆ ದಿನಕ್ಕೆ ಬೇಕಾದ ಬಿ12 ಸುಮಾರು 2.4 ಮೈಕ್ರೋಗ್ರಾಂ ಆದರೆ, ಒಂದೇ ಮಾತ್ರೆಯಲ್ಲಿ 1,000 ಮೈಕ್ರೋಗ್ರಾಂ ತುಂಬಿ, ಅದು ದಿನದ ಅಗತ್ಯದ ಶೇ. 41,667 ಎಂದು ಡಬ್ಬಿಯ ಮೇಲೆ ಹೆಮ್ಮೆಯಿಂದ ಅಚ್ಚು ಹಾಕಲಾಗುತ್ತದೆ. ಇದನ್ನು ಓದಿದವರು ಮುದ್ರಣದೋಷವಿರಬೇಕೆಂದು ಅನುಮಾನಿಸುವುದಿಲ್ಲ. ಪಕ್ಕದ ಡಬ್ಬಿಯಲ್ಲಿ ಬರೀ ಶೇ. 20,000 ಇರುವುದನ್ನು ಕಂಡು, ಆ ಕಂಪನಿಯ ಜಿಪುಣತನಕ್ಕೆ ಮರುಗುತ್ತಾರೆ.

ದೇಹವಾದರೋ ನಿಯಮ ಬಿಟ್ಟು ಕದಲದ ಹಳೆಯ ಗುಮಾಸ್ತನಿದ್ದಂತೆ. ಜಠರದಲ್ಲಿ ತಯಾರಾಗುವ ಒಂದು ಪ್ರೋಟೀನು ಬಿ12ನ್ನು ಹಿಡಿದುಕೊಂಡು ಹೋಗಿ ಕರುಳಿಗೆ ಒಪ್ಪಿಸಬೇಕು. ಒಂದು ಸಲಕ್ಕೆ ಅದು ಹೀಗೆ ದಾಟಿಸುವುದು ಹೆಚ್ಚೆಂದರೆ ಎರಡು ಮೈಕ್ರೋಗ್ರಾಮಿನ ಆಸುಪಾಸು. ಉಳಿದುದರಲ್ಲಿ ನೂರಕ್ಕೊಂದು ಪಾಲು ಹೇಗೋ ನುಸುಳಿದರೆ, ಮಿಕ್ಕದ್ದು ಬಂದ ದಾರಿಯಲ್ಲೇ ಮುಂದೆ ಸಾಗುತ್ತದೆ. ಆ ಪ್ರೋಟೀನೇ ಇಲ್ಲದ ರೋಗಿಗೆ ನುಸುಳುವ ಆ ಒಂದು ಪಾಲೇ ಆಧಾರವಾದ್ದರಿಂದ, ವೈದ್ಯರು ದೊಡ್ಡ ಪ್ರಮಾಣ ಬರೆದುಕೊಡುವುದರಲ್ಲಿ ಅರ್ಥವಿದೆ. ಅಂಥ ರೋಗವಿಲ್ಲದವರೂ ಆ ಚಿಕಿತ್ಸೆಯನ್ನು ಅಂತಸ್ತಿನ ಗುರುತಾಗಿ ನುಂಗುತ್ತಿರುವುದು ನಮ್ಮ ಕಾಲದ ವೈಭವ.

ಬಯೋಟಿನ್ ಎಂಬ ಇನ್ನೊಂದು ಜೀವಸತ್ವದ ಕಥೆ ಇನ್ನೂ ಸೊಗಸು. ದಿನಕ್ಕೆ 30 ಮೈಕ್ರೋಗ್ರಾಂ ಸಾಕಾಗುವ ಇದನ್ನು ಕೂದಲು ಸೊಂಪಾಗಿ ಬೆಳೆಯಲೆಂದು 10,000 ಮೈಕ್ರೋಗ್ರಾಮಿನ ಲೆಕ್ಕದಲ್ಲಿ ಸೇವಿಸಲಾಗುತ್ತದೆ; ಕೊರತೆಯೇ ಇಲ್ಲದವರ ಕೂದಲಿಗೆ ಇದರಿಂದ ಲಾಭವೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಆದರೆ ರಕ್ತದಲ್ಲಿ ತುಂಬಿಕೊಂಡ ಬಯೋಟಿನ್ ಪ್ರಯೋಗಾಲಯದ ಕೆಲವು ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ, ಹೃದಯಾಘಾತವನ್ನು ಗುರುತಿಸುವ ಟ್ರೋಪೋನಿನ್ ಪರೀಕ್ಷೆಯೂ ಅವುಗಳಲ್ಲೊಂದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ. ಹೃದಯ ನಿಲ್ಲುವ ಹೊತ್ತಿನಲ್ಲೂ ವರದಿ ನಿರಾಳವಾಗಿರುವುದೆಂದರೆ, ಮಾತ್ರೆ ಕೊಟ್ಟ ನೆಮ್ಮದಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ನೀರಿನಲ್ಲಿ ಕರಗುವ ಜೀವಸತ್ವಗಳು ಹೆಚ್ಚಾದರೆ ಬಹುಪಾಲು ಮೂತ್ರದೊಡನೆ ಹೊರಟುಹೋಗುವಷ್ಟು ಸಂಭಾವಿತ ಗುಣದವು, ಆದರೂ ಬಿ6 ಅತಿಯಾದರೆ ನರಗಳನ್ನೇ ಹಾಳುಮಾಡುತ್ತದೆ. ಕೊಬ್ಬಿನಲ್ಲಿ ಕರಗುವ ಎ ಜೀವಸತ್ವಕ್ಕೆ ಆ ಸಂಕೋಚವೂ ಇಲ್ಲ. ಅದು ಯಕೃತ್ತಿನಲ್ಲಿ ಬಿಡಾರ ಹೂಡಿ, ಮಿತಿಮೀರಿದಾಗ ಆ ಯಕೃತ್ತನ್ನೇ ಕೆಡಿಸುತ್ತದೆ. ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಬೀಟಾ ಕ್ಯಾರೋಟಿನ್ ಕ್ಯಾನ್ಸರನ್ನು ತಡೆದೀತೆಂದು ಫಿನ್ಲೆಂಡಿನ ಸಾವಿರಾರು ಧೂಮಪಾನಿಗಳಿಗೆ ವರ್ಷಗಟ್ಟಲೆ ಮಾತ್ರೆ ಕೊಟ್ಟು ನೋಡಿದ ಸಂಶೋಧಕರು, 1994ರಲ್ಲಿ ಪ್ರಕಟಿಸಿದ ಫಲಿತಾಂಶವಿಷ್ಟೆ: ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಈ ಅಂಕಿಯನ್ನು ಡಬ್ಬಿಯ ಮೇಲೆ ಅಚ್ಚುಹಾಕಲು ಜಾಗ ಸಾಲಲಿಲ್ಲವೆಂದು ಕಾಣುತ್ತದೆ.

ಖನಿಜಗಳ ವಿಷಯದಲ್ಲಿ ತಯಾರಕರು ಸರ್ವಧರ್ಮ ಸಮನ್ವಯಕ್ಕೆ ಇಳಿದಿದ್ದಾರೆ. ಕಬ್ಬಿಣ ಹೀರಲ್ಪಡುವುದಕ್ಕೆ ಕ್ಯಾಲ್ಸಿಯಂ ಅಡ್ಡಬರುತ್ತದೆ, ಸತು ಅತಿಯಾದರೆ ತಾಮ್ರ ಕಡಿಮೆಯಾಗುತ್ತದೆ. ನಾಲ್ಕನ್ನೂ ಒಂದೇ ಮಾತ್ರೆಯಲ್ಲಿ ಕೂಡಿಹಾಕಿ ‘ಪರಿಪೂರ್ಣ’ ಎಂದು ಹೆಸರಿಟ್ಟರೆ ಅವುಗಳ ಜಗಳ ಹೊರಗಿನವರಿಗೆ ಕೇಳಿಸುವುದಿಲ್ಲ. ಇತ್ತ, ಉಪ್ಪಿನೊಡನೆ ಸದ್ದಿಲ್ಲದೆ ಬೆರೆತು ಗಳಗಂಡವನ್ನು ದೂರವಿಟ್ಟ ಅಯೋಡಿನ್ನಿಗೆ ಜಾಹೀರಾತಿನಲ್ಲಿ ನಗುವ ಒಬ್ಬ ನಟನೂ ದೊರೆತಿಲ್ಲ.

ಇಷ್ಟೆಲ್ಲ ಪ್ರತಾಪದ ಹಲವು ಡಬ್ಬಿಗಳ ಹಿಂಬದಿಯಲ್ಲಿ, ಈ ಉತ್ಪನ್ನವು ಯಾವುದೇ ರೋಗವನ್ನು ಗುಣಪಡಿಸಲು ಉದ್ದೇಶಿಸಿದ್ದಲ್ಲ ಎಂಬ ಸಾಲು ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ಓದಲು ಕಣ್ಣಿಗೆ ಕಷ್ಟವಾಗುವವರಿಗೆಂದೇ, ಅದೇ ಕಂಪನಿಯವರು ಕಣ್ಣಿನ ಆರೋಗ್ಯಕ್ಕೆ ಬೇರೊಂದು ಮಾತ್ರೆಯನ್ನೂ ಬಿಡುಗಡೆ ಮಾಡಿರುತ್ತಾರೆ.