ಅಡ್ರೆಸ್ ಬಾರ್ ಮೇಲೊಂದು ಕ್ಲಿಕ್

ಬ್ರೌಸರಿನ ಅಡ್ರೆಸ್ ಬಾರ್ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಏನಾಗಬೇಕು? ಇದೂ ಒಂದು ಪ್ರಶ್ನೆಯಾ ಅನ್ನಿಸಬಹುದು. ಆದರೆ ಇಷ್ಟು ಸಣ್ಣ ವಿಷಯಕ್ಕೂ ಬಹಳ ವರ್ಷ ಒಮ್ಮತ ಇರಲಿಲ್ಲ.

ವಿಂಡೋಸ್‌ನಲ್ಲಿ ಕ್ಲಿಕ್ ಮಾಡಿದ ತಕ್ಷಣ ಇಡೀ ವಿಳಾಸ ನೀಲಿಯಾಗುತ್ತದೆ. ಆಮೇಲೆ ಒಂದಕ್ಷರ ಒತ್ತಿದರೂ ಸಾಕು, ಹಳೆಯದೆಲ್ಲ ಮಾಯ. ವಿಂಡೋಸ್‌ನಂತೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಹಾಗಿರಲಿಲ್ಲ. ಎಲ್ಲಿ ಕ್ಲಿಕ್ ಮಾಡಿದಿರೋ ಅಲ್ಲೇ ಕರ್ಸರ್ ಮಿನುಗುತ್ತಾ ನಿಲ್ಲುತ್ತಿತ್ತು. ಇಡೀ ಸಾಲು ಬೇಕಿದ್ದರೆ ಟಕಟಕ ಅಂತ ಎರಡು ಸಲ ಒತ್ತಬೇಕಿತ್ತು.

ನನಗೆ ಇದರಲ್ಲಿ ಎರಡು ಸ್ವಭಾವ ಕಾಣುತ್ತದೆ. ವಿಂಡೋಸ್‌ಗೆ, ಇಲ್ಲಿಗೆ ಬಂದವರು ಬೇರೆ ಕಡೆ ಹೊರಟವರೇ. ಲಿನಕ್ಸ್‌ಗೆ, ಏನೋ ರಿಪೇರಿ ಮಾಡಲು ಬಂದವರು.

ಲಿನಕ್ಸ್‌ನದು ಬರೀ ಹಟ ಅಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಶುರುವಾದ, ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಎಕ್ಸ್ ವಿಂಡೋ ಸಿಸ್ಟಮ್‌ ಎಂಬ ತಂತ್ರಾಂಶ ಕಲಿಸಿದ ರೂಢಿಯೊಂದು ಅಲ್ಲಿ ಇಂದಿಗೂ ಇದೆ. ಅಕ್ಷರಗಳ ಮೇಲೆ ಮೌಸ್ ಎಳೆದು ಸೆಲೆಕ್ಟ್ ಮಾಡಿದರೆ ಸಾಕು, ಕಾಪಿ ಆದಂತೆಯೇ. ಮೌಸಿನ ನಡುವಿನ ಗುಂಡಿ ಒತ್ತಿದರೆ ಪೇಸ್ಟ್. ಬಲು ಸೊಗಸಾದ ಏರ್ಪಾಡು. ಈಗ ಯಾರೋ ಇಮೇಲಿನಲ್ಲಿದ್ದ ಒಂದು ವಿಳಾಸವನ್ನು ಹೀಗೆ ಸೆಲೆಕ್ಟ್ ಮಾಡಿಕೊಂಡು ಬಂದು ಅಡ್ರೆಸ್ ಬಾರ್ ಮೇಲೆ ಕ್ಲಿಕ್ ಮಾಡಿದರು ಅನ್ನಿ. ಬಾರ್ ತಾನಾಗಿಯೇ ಎಲ್ಲ ಸೆಲೆಕ್ಟ್ ಮಾಡಿಬಿಟ್ಟರೆ ತಂದದ್ದು ಹೋಯಿತು, ಹಳೆಯ ವಿಳಾಸವೇ ಕೈಗೆ ಬಂತು! ದಿನಸಿ ಅಂಗಡಿಗೆ ಹೋದವರ ಚೀಟಿ ಕಿತ್ತುಕೊಂಡು, ಹೋದ ತಿಂಗಳ ಚೀಟಿ ಕೈಗಿಟ್ಟ ಹಾಗೆ.

2020ರ ಏಪ್ರಿಲ್‌ನಲ್ಲಿ ಬಂದ ಫೈರ್‌ಫಾಕ್ಸ್ 75 ಇದಕ್ಕೊಂದು ಉಪಾಯ ಮಾಡಿತು. ಲಿನಕ್ಸ್‌ನಲ್ಲೂ ಒಂದೇ ಕ್ಲಿಕ್‌ಗೆ ಎಲ್ಲ ನೀಲಿಯಾಗುತ್ತದೆ, ಆದರೆ ನೀವು ಹಿಡಿದು ತಂದದ್ದನ್ನು ಅದು ಮುಟ್ಟುವುದಿಲ್ಲ. ಮೂರು ಸಲ ಒತ್ತಿದರೆ ಮಾತ್ರ, ಬೇಕಂತಲೇ ಮಾಡಿದ್ದೀರಿ ಅಂತ ಲೆಕ್ಕ, ಆಗ ಬಾರ್‌ನಲ್ಲಿದ್ದ ವಿಳಾಸ ಕಾಪಿ ಆಗುತ್ತದೆ. ಒಳ್ಳೆಯ ರಾಜಿ ಅಲ್ವಾ? ಆದರೂ ಹಳಬರು ಗೊಣಗಿದರು. ಬೆರಳಿಗೆ ಕೂತ ಅಭ್ಯಾಸ ಅಷ್ಟು ಬೇಗ ಏಳುವುದಿಲ್ಲ.

ಆಪಲ್‌ನ ಮ್ಯಾಕ್ ಕಂಪ್ಯೂಟರಿನ ಸಫಾರಿ ಬ್ರೌಸರಿನದು ಇನ್ನೊಂದು ತರಹ. ಅದು ಸೈಟಿನ ಹೆಸರಷ್ಟೇ ತೋರಿಸಿ ಉಳಿದದ್ದನ್ನು ಮುಚ್ಚಿಡುತ್ತದೆ. ಕ್ಲಿಕ್ ಮಾಡಿದ ಮೇಲೆಯೇ ಪೂರ್ತಿ ದರ್ಶನ. ನೋಡಲು ಅಚ್ಚುಕಟ್ಟು ನಿಜ, ನನಗಂತೂ ಹಿಡಿಸುವುದಿಲ್ಲ. ಯಾವ ಪುಟದಲ್ಲಿದ್ದೇನೆ ಅಂತ ತಿಳಿಯಲೂ ಬಾಗಿಲು ತಟ್ಟಬೇಕಾ? ಪುಣ್ಯಕ್ಕೆ ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಹಾಕಿದರೆ ಪೂರ್ತಿ ವಿಳಾಸ ಕಾಣುತ್ತದೆ.

ಈ ರಗಳೆಯೇ ಬೇಡ ಅನ್ನುವವರಿಗೆ ಕೀಬೋರ್ಡ್ ಇದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಕಂಟ್ರೋಲ್ ಮತ್ತು ಎಲ್, ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಎಲ್. ಎಲ್ಲೇ ಒತ್ತಿ, ಇಡೀ ವಿಳಾಸ ನೀಲಿ. ರಿಪೇರಿಗೆ ಬಂದವರು ಬಲಬಾಣದ ಕೀಲಿ ಒಮ್ಮೆ ಒತ್ತಿದರೆ ಸಾಕು, ನೀಲಿ ಇಳಿದು ಕರ್ಸರ್ ಸಾಲಿನ ಕೊನೆಗೆ ಹೋಗಿ ಕೂರುತ್ತದೆ.